ಆಮದು ಸುಂಕ ಮತ್ತು ಅರೆವಾಹಕ ತಯಾರಿಕೆ: ತಾಂಬರಂ ಕಲಿಸುವ ಪಾಠ

ದೂರವಾಣಿ, ಬ್ಯಾಂಕಿನ ಕಾರ್ಡು, ಮೋಟಾರು ವಾಹನ, ಆಸ್ಪತ್ರೆಯ ಉಪಕರಣ, ಅಂತರಿಕ್ಷದ ಉಪಗ್ರಹ ಇವೆಲ್ಲಕ್ಕೂ ಇಂದು ಆಧಾರವಾಗಿರುವುದು ಅರೆವಾಹಕ ಚಿಪ್. ಬೆರಳಿನ ಉಗುರಿಗಿಂತಲೂ ಚಿಕ್ಕದಾಗಿರಬಲ್ಲ ಈ ವಸ್ತುವಿನ ಅಗತ್ಯದಲ್ಲಿ ಬಹುಪಾಲನ್ನು ಭಾರತವು ಆಮದಿನಿಂದಲೇ ಪೂರೈಸಿಕೊಳ್ಳುತ್ತ ಬಂದಿದೆ. 2021ರಲ್ಲಿ ಜಗತ್ತಿನಾದ್ಯಂತ ಚಿಪ್‌ಗಳ ಅಭಾವ ತಲೆದೋರಿದಾಗ ನಮ್ಮ ದೇಶದ ಮೋಟಾರು ವಾಹನ ಕಾರ್ಖಾನೆಗಳೂ ಉತ್ಪಾದನೆಯನ್ನು ಕಡಿತಗೊಳಿಸಬೇಕಾಯಿತು. ಇಂಥ ಸಂದರ್ಭದಲ್ಲಿ ಜನಸಾಮಾನ್ಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಹೊರಗಿನಿಂದ ಬರುವ ಚಿಪ್‌ಗಳ ಮೇಲೆ ಭಾರಿ ಸುಂಕ ವಿಧಿಸಿದರೆ ಒಳಗೆ ಅವುಗಳ ತಯಾರಿಕೆ ತಾನಾಗಿಯೇ ಬೆಳೆಯಲಾರದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಚೆನ್ನೈ ನಗರದ ದಕ್ಷಿಣಕ್ಕಿರುವ ತಾಂಬರಂ ಸೂಕ್ತವಾದ ಸ್ಥಳ. ಇಲ್ಲಿನ ಹೆದ್ದಾರಿಯ ಪಕ್ಕದಲ್ಲಿ 1984ರಲ್ಲಿ ಮದರಾಸು ರಫ್ತು ಸಂಸ್ಕರಣಾ ವಲಯವು ಸ್ಥಾಪಿತವಾಯಿತು. 1965ರಲ್ಲಿ ಕಾಂಡ್ಲಾದಲ್ಲಿ ಆರಂಭವಾದ ವಲಯ, 1973ರಲ್ಲಿ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ವಿದ್ಯುನ್ಮಾನ ಸರಕುಗಳಿಗಾಗಿಯೇ ರೂಪುಗೊಂಡ ವಲಯ, ಇವುಗಳ ಸಾಲಿಗೆ ಸೇರಿದ ಯೋಜನೆ ಇದು. 2003ರಲ್ಲಿ ಇದು ವಿಶೇಷ ಆರ್ಥಿಕ ವಲಯವಾಗಿ ಮಾರ್ಪಟ್ಟಿತು.

ಈ ವಲಯದ ನಿಯಮ ಸರಳವಾದದ್ದು. ಆವರಣದ ನೆಲ ಭಾರತದ್ದೇ; ಆದರೆ ಸುಂಕದ ಲೆಕ್ಕಕ್ಕೆ ಮಾತ್ರ ಅದು ದೇಶದ ಹೊರಗಿನ ಪ್ರದೇಶ. ಯಂತ್ರೋಪಕರಣಗಳನ್ನೂ ಕಚ್ಚಾ ಸಾಮಗ್ರಿಯನ್ನೂ ಸುಂಕವಿಲ್ಲದೆ ತರಿಸಿಕೊಂಡು, ಸಿದ್ಧವಾದ ಸರಕನ್ನು ಹೊರದೇಶಕ್ಕೆ ಕಳುಹಿಸಬಹುದು. ಅದೇ ಸರಕು ಆವರಣದ ಬಾಗಿಲು ದಾಟಿ ದೇಶದ ಮಾರುಕಟ್ಟೆಗೆ ಬಂದರೆ ಆಮದು ವಸ್ತುವಿಗೆ ಸಲ್ಲುವ ಸುಂಕವನ್ನು ತೆರಬೇಕು. ಸಿದ್ಧ ಉಡುಪು, ಎಂಜಿನಿಯರಿಂಗ್ ಸರಕು, ವಿದ್ಯುನ್ಮಾನ ಜೋಡಣೆ, ತಂತ್ರಾಂಶ ಮೊದಲಾದ ಬಗೆಬಗೆಯ ಉದ್ಯಮಗಳು ಇಲ್ಲಿ ನೆಲೆಗೊಂಡು ಸುತ್ತಮುತ್ತಲ ಊರುಗಳ ಜನರಿಗೆ ಉದ್ಯೋಗ ನೀಡಿವೆ.

ಇದರಿಂದ ತಿಳಿಯುವ ಮೊದಲನೆಯ ಅಂಶವೆಂದರೆ, ಕೈಗಾರಿಕೆಯನ್ನು ಆಕರ್ಷಿಸುವುದಕ್ಕೆ ಸುಂಕ ಏರಿಸುವುದೊಂದೇ ದಾರಿಯಲ್ಲ; ಸುಂಕ ಇಳಿಸುವುದೂ ಒಂದು ದಾರಿ. ಎರಡನೆಯ ಅಂಶವೂ ಅಷ್ಟೇ ಮುಖ್ಯವಾದದ್ದು. ಸುಂಕದ ರಿಯಾಯಿತಿಯು ಜೋಡಣೆಯ ಕೆಲಸವನ್ನು ಬೇಗ ತರುತ್ತದೆ. ಬಿಡಿಭಾಗಗಳ ತಯಾರಿಕೆಯನ್ನು ಅಷ್ಟು ಸುಲಭವಾಗಿ ತರುವುದಿಲ್ಲ. ಭಾಗಗಳು ಒಂದು ಬಾಗಿಲಿನಿಂದ ಬಂದು, ಜೋಡಣೆಯಾಗಿ, ಇನ್ನೊಂದು ಬಾಗಿಲಿನಿಂದ ಹೊರಟುಹೋದರೆ ಸ್ಥಳೀಯವಾಗಿ ಉಳಿಯುವುದು ಕೂಲಿ ಮತ್ತು ಅನುಭವ ಮಾತ್ರ. ಆ ಅನುಭವ ಅಲ್ಪವೆಂದಲ್ಲ. ಆದರೆ ಅದು ಮುಂದಿನ ಮೆಟ್ಟಿಲಾಗಬೇಕಾದರೆ ಬೇರೆ ಸಾಧನಗಳು ಬೇಕಾಗುತ್ತವೆ.

ಅರೆವಾಹಕ ಉದ್ಯಮದ ಮೆಟ್ಟಿಲುಗಳು ಯಾವುವೆಂಬುದನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು ಚಿಪ್‌ನ ವಿನ್ಯಾಸ. ಎರಡನೆಯದು, ಸಿಲಿಕಾನಿನ ತೆಳುಬಿಲ್ಲೆಯಾದ ವೇಫರ್ ಮೇಲೆ ನೂರಾರು ಹಂತಗಳಲ್ಲಿ ಆ ವಿನ್ಯಾಸವನ್ನು ಮೂಡಿಸುವ ಕೆಲಸ. ಮೂರನೆಯದು, ವೇಫರನ್ನು ತುಂಡರಿಸಿ, ಪ್ರತಿಯೊಂದು ತುಂಡಿಗೂ ಸೂಕ್ಷ್ಮ ತಂತಿಗಳನ್ನು ಬೆಸೆದು, ಕವಚ ತೊಡಿಸಿ ಪರೀಕ್ಷಿಸುವುದು. ತಾಂಬರಂನಿಂದ ಅದೇ ಹೆದ್ದಾರಿಯಲ್ಲಿ ಇನ್ನಷ್ಟು ದಕ್ಷಿಣಕ್ಕೆ ಸಾಗಿದರೆ ಸಿಗುವ ಮರೈಮಲೈ ನಗರದಲ್ಲಿ ಈ ಮೂರನೆಯ ಕೆಲಸಕ್ಕೆ ಮೀಸಲಾದ ಸ್ಪೆಲ್ ಸೆಮಿಕಂಡಕ್ಟರ್ ಸಂಸ್ಥೆಯಿದೆ. 1984ರಲ್ಲಿ, ಅಂದರೆ ತಾಂಬರಂ ವಲಯ ಹುಟ್ಟಿದ ವರ್ಷದಲ್ಲಿಯೇ, ಇದೂ ಸ್ಥಾಪಿತವಾಯಿತು. ಚಿಪ್‌ಗಳ ಕವಚ ಜೋಡಣೆ ಮತ್ತು ಪರೀಕ್ಷೆ ಭಾರತಕ್ಕೆ ತೀರ ಹೊಸದೆಂಬ ಭಾವನೆ ಸರಿಯಲ್ಲವೆಂಬುದಕ್ಕೆ ಇದು ನಿದರ್ಶನ.

ಎರಡನೆಯ ಮೆಟ್ಟಿಲೇ ಕಠಿಣವಾದದ್ದು. ವೇಫರ್ ಕಾರ್ಖಾನೆಗೆ ಧೂಳಿನ ಕಣವೂ ಸುಳಿಯದ ಕೊಠಡಿಗಳು, ಅತ್ಯಂತ ಶುದ್ಧವಾದ ನೀರು, ಕ್ಷಣಕಾಲವೂ ಕಡಿಯದ ವಿದ್ಯುತ್ತು, ಕೆಲವೇ ದೇಶಗಳಲ್ಲಿ ತಯಾರಾಗುವ ದುಬಾರಿ ಯಂತ್ರಗಳು ಬೇಕು. ಭಾರತವು ಈ ಪ್ರಯತ್ನಕ್ಕೆ ತಡವಾಗಿ ಕೈಹಾಕಿತೆನ್ನಲಾಗದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದಲ್ಲಿಯೇ ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿತ್ತು. ಪಂಜಾಬಿನ ಮೊಹಾಲಿಯಲ್ಲಿ ಸರ್ಕಾರಿ ಸ್ವಾಮ್ಯದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1984ರಲ್ಲಿ ಚಿಪ್ ಉತ್ಪಾದನೆಯನ್ನು ಆರಂಭಿಸಿತು. 1989ರ ಫೆಬ್ರವರಿಯಲ್ಲಿ ಸಂಭವಿಸಿದ ಬೆಂಕಿ ಅನಾಹುತದಿಂದ ಆ ಕಾರ್ಖಾನೆ ನಾಶವಾಗಿ, ಪುನರ್ನಿರ್ಮಾಣಕ್ಕೆ ಅನೇಕ ವರ್ಷಗಳೇ ಹಿಡಿದವು. 2006ರಲ್ಲಿ ಅದು ಅಂತರಿಕ್ಷ ಇಲಾಖೆಯ ಅಧೀನಕ್ಕೆ ಬಂದು ಸೆಮಿಕಂಡಕ್ಟರ್ ಲ್ಯಾಬೊರೇಟರಿ ಎನಿಸಿತು.

ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. 1980ರ ದಶಕವು ನಮ್ಮ ದೇಶದಲ್ಲಿ ಆಮದು ಸುಂಕ ಅತ್ಯಧಿಕವಾಗಿದ್ದ ಕಾಲ. 1991ರ ಮುಂಗಡಪತ್ರವು ಗರಿಷ್ಠ ಸುಂಕವನ್ನು ಇಳಿಸಿದ ಮೇಲೂ ಅದು ಶೇಕಡಾ 150ರಷ್ಟಿತ್ತು. ಅಷ್ಟು ಎತ್ತರದ ಗೋಡೆಯ ಆಸರೆಯಿದ್ದರೂ ಮೊಹಾಲಿಯ ಪಕ್ಕದಲ್ಲಿ ಎರಡನೆಯ ದೊಡ್ಡ ಚಿಪ್ ಕಾರ್ಖಾನೆ ತಲೆಯೆತ್ತಲಿಲ್ಲ. ಬೇಲಿ ಹಾಕಿದ ಮಾತ್ರಕ್ಕೆ ಬೆಳೆ ಬರುವುದಿಲ್ಲ. ಬೀಜ, ನೀರು, ಬೇಸಾಯಗಾರ ಮೂರೂ ಬೇಕು.

ಮುಂದೆ ಪರಿಸ್ಥಿತಿ ಬದಲಾಯಿತು. 1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ವ್ಯಾಪಾರ ಸಂಸ್ಥೆಯ ಸಚಿವರ ಸಮ್ಮೇಳನದಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದ ರೂಪುಗೊಂಡಿತು. 1997ರಲ್ಲಿ ಭಾರತವೂ ಅದನ್ನು ಸೇರಿ, ಗಣಕಯಂತ್ರ, ದೂರಸಂಪರ್ಕ ಸಲಕರಣೆ, ಅರೆವಾಹಕ ಮೊದಲಾದ 217 ಬಗೆಯ ವಸ್ತುಗಳ ಸುಂಕವನ್ನು 2005ರೊಳಗೆ ಹಂತಹಂತವಾಗಿ ಶೂನ್ಯಕ್ಕೆ ಇಳಿಸಲು ಒಪ್ಪಿತು. ಆದ್ದರಿಂದ ಚಿಪ್‌ಗಳ ಮೇಲೆ ಸುಂಕ ಏರಿಸುವ ವಿಷಯದಲ್ಲಿ ದೇಶದ ಕೈ ಈ ಅಂತರರಾಷ್ಟ್ರೀಯ ವಚನದಿಂದ ಬಹುಮಟ್ಟಿಗೆ ಕಟ್ಟಿದೆ.

ಈ ಒಪ್ಪಂದದಿಂದ ಒಂದು ತೊಡಕೂ ಉಂಟಾಯಿತು. ಸಿದ್ಧವಾದ ಸಲಕರಣೆ ಸುಂಕವಿಲ್ಲದೆ ಬರುತ್ತಿರುವಾಗ, ಅದನ್ನು ಇಲ್ಲಿಯೇ ತಯಾರಿಸಲು ಬೇಕಾದ ಕೆಲವು ಸಾಮಗ್ರಿಗಳ ಮೇಲೆ ಸುಂಕ ಉಳಿದರೆ, ದೇಶೀಯ ತಯಾರಕನ ವೆಚ್ಚವೇ ಹೆಚ್ಚಾಗುತ್ತದೆ. ಮೂಗಿಗಿಂತ ಮೂಗುತಿ ಭಾರವೆಂಬ ಮಾತು ಈ ಸ್ಥಿತಿಗೆ ಒಪ್ಪುತ್ತದೆ. ಚಿಪ್ ಎಂಬುದು ಒಬ್ಬರಿಗೆ ಸಿದ್ಧ ಸರಕು, ಇನ್ನೊಬ್ಬರಿಗೆ ಕಚ್ಚಾ ಸಾಮಗ್ರಿ. ಅದರ ಮೇಲೆ ಸುಂಕ ಹೇರಿದರೆ, ತಾಂಬರಂನಂಥ ವಲಯಗಳ ಹೊರಗೆ ದೇಶದ ಮಾರುಕಟ್ಟೆಗಾಗಿ ಮೀಟರು, ದೂರವಾಣಿ, ವೈದ್ಯಕೀಯ ಉಪಕರಣಗಳನ್ನು ಜೋಡಿಸುವ ಸಾವಿರಾರು ಕೆಲಸಗಾರರ ಉದ್ಯೋಗಕ್ಕೇ ಪೆಟ್ಟು ಬೀಳಬಹುದು.

ಶ್ರೀಮಂತ ರಾಷ್ಟ್ರಗಳೂ ಈ ಎಚ್ಚರವನ್ನು ತೋರಿವೆ. ಅರೆವಾಹಕ ವ್ಯಾಪಾರದ ವಿವಾದದಲ್ಲಿ ಅಮೆರಿಕವು 1987ರಲ್ಲಿ ಜಪಾನಿನ 30 ಕೋಟಿ ಡಾಲರ್ ಮೌಲ್ಯದ ಸರಕುಗಳ ಮೇಲೆ ಶೇಕಡಾ 100ರ ಸುಂಕ ವಿಧಿಸಿತು. ಆದರೆ ಆ ಸುಂಕ ಬಿದ್ದದ್ದು ಗಣಕಯಂತ್ರ, ಬಣ್ಣದ ಟೆಲಿವಿಷನ್ ಮತ್ತು ವಿದ್ಯುತ್ ಹತ್ಯಾರುಗಳ ಮೇಲೆ, ಚಿಪ್‌ಗಳ ಮೇಲಲ್ಲ. 2025ರ ಏಪ್ರಿಲ್‌ನಲ್ಲಿ ಆ ದೇಶವು ಬಹುತೇಕ ರಾಷ್ಟ್ರಗಳ ಸರಕಿನ ಮೇಲೆ ಹೊಸ ಸುಂಕಗಳನ್ನು ಘೋಷಿಸಿದಾಗಲೂ ಅರೆವಾಹಕಗಳನ್ನು ಅವುಗಳಿಂದ ಹೊರಗಿರಿಸಿತ್ತು. ಕಾರ್ಖಾನೆಗಳನ್ನು ಸ್ವದೇಶಕ್ಕೆ ಮರಳಿ ತರಲು 2022ರಲ್ಲಿ ಅದು ಅನುಸರಿಸಿದ ಮುಖ್ಯ ಮಾರ್ಗವೆಂದರೆ ಸುಮಾರು 5,270 ಕೋಟಿ ಡಾಲರ್‌ಗಳ ಸರ್ಕಾರಿ ನೆರವಿನ ಕಾನೂನು.

ಹಾಗೆಂದು ಸುಂಕ ನಿಷ್ಪ್ರಯೋಜಕವೆನ್ನಲಾಗದು. ಸಿದ್ಧವಾದ ಮೊಬೈಲ್ ದೂರವಾಣಿಗಳ ಮೇಲೆ ಭಾರತವು 2017ರ ಜುಲೈನಲ್ಲಿ ಶೇಕಡಾ 10ರ ಸುಂಕ ವಿಧಿಸಿ, 2018ರ ಫೆಬ್ರವರಿಯ ವೇಳೆಗೆ ಅದನ್ನು ಶೇಕಡಾ 20ಕ್ಕೆ ಏರಿಸಿತು. 2024ರಲ್ಲಿ ಶೇಕಡಾ 15ಕ್ಕೆ ಇಳಿಸಿತು. ಉತ್ಪಾದನೆಗೆ ಸಂಬಂಧಿಸಿದ ಪ್ರೋತ್ಸಾಹಧನವೂ ಅದರ ಜೊತೆಗೂಡಿತು. ಚೆನ್ನೈನ ಪಶ್ಚಿಮಕ್ಕಿರುವ ಶ್ರೀಪೆರುಂಬುದೂರಿನಲ್ಲಿ 2006ರಲ್ಲಿ ಆರಂಭವಾಗಿದ್ದ ನೋಕಿಯಾ ಕಾರ್ಖಾನೆಯು 2014ರ ನವೆಂಬರಿನಲ್ಲಿ ಕೆಲಸ ನಿಲ್ಲಿಸಿ ಸಾವಿರಾರು ಮಂದಿ ಜೀವನೋಪಾಯಕ್ಕೆ ಬೇರೆ ದಾರಿ ಹುಡುಕಬೇಕಾಗಿದ್ದ ಆ ಪ್ರದೇಶದಲ್ಲಿ ದೂರವಾಣಿ ಜೋಡಣೆ ಮತ್ತೆ ಬೃಹತ್ತಾಗಿ ಬೆಳೆಯಿತು. ಆದರೂ ಇದಕ್ಕೆ ಬೆಲೆಯಿಲ್ಲದಿಲ್ಲ. ಸುಂಕದ ಒಂದು ಪಾಲನ್ನು ಕೊಳ್ಳುವವನೇ ತೆರುತ್ತಾನೆ. ಐರೋಪ್ಯ ಒಕ್ಕೂಟ, ಜಪಾನ್ ಮತ್ತು ತೈವಾನ್ ಸಲ್ಲಿಸಿದ ದೂರುಗಳ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಯ ಮಂಡಲಿಗಳು 2023ರ ಏಪ್ರಿಲ್‌ನಲ್ಲಿ ಭಾರತಕ್ಕೆ ಪ್ರತಿಕೂಲವಾದ ತೀರ್ಪನ್ನೂ ನೀಡಿದವು.

ಚಿಪ್‌ಗಳ ವಿಷಯದಲ್ಲಿ ಭಾರತವು ಬೇರೆ ದಾರಿ ಹಿಡಿಯಿತು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು 76,000 ಕೋಟಿ ರೂಪಾಯಿಗಳ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. 2022ರ ಪರಿಷ್ಕರಣೆಯ ಪ್ರಕಾರ ಅನುಮೋದಿತ ಯೋಜನಾ ವೆಚ್ಚದ ಅರ್ಧದಷ್ಟನ್ನು ಕೇಂದ್ರವೇ ಭರಿಸಬಹುದು. ಗುಜರಾತಿನ ಸಾನಂದದಲ್ಲಿ ಮೈಕ್ರಾನ್ ಸಂಸ್ಥೆಯ ಕವಚ ಜೋಡಣೆ ಕಾರ್ಖಾನೆಗೆ 2023ರಲ್ಲಿಯೂ, ಧೋಲೇರಾದಲ್ಲಿ ಟಾಟಾ ಸಂಸ್ಥೆಯ ಸುಮಾರು 91,000 ಕೋಟಿ ರೂಪಾಯಿಗಳ ವೇಫರ್ ಕಾರ್ಖಾನೆಗೆ 2024ರ ಫೆಬ್ರವರಿಯಲ್ಲಿಯೂ ಅನುಮೋದನೆ ದೊರೆಯಿತು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಕೇನ್ಸ್ ಸಂಸ್ಥೆಯ ಘಟಕಕ್ಕೂ 2024ರ ಸೆಪ್ಟೆಂಬರಿನಲ್ಲಿ ಸಾನಂದದಲ್ಲಿಯೇ ಒಪ್ಪಿಗೆ ಸಿಕ್ಕಿತು. ಸುಂಕದಿಂದ ಖಜಾನೆಗೆ ಹಣ ಬರುತ್ತದೆ. ಸಹಾಯಧನದಿಂದ ಖಜಾನೆಯ ಹಣ ಹೋಗುತ್ತದೆ. ಆದುದರಿಂದ ಈ ಹಣದಿಂದ ಎಷ್ಟು ಕೌಶಲ, ಎಷ್ಟು ಉಪ ಉದ್ಯಮ, ಎಷ್ಟು ಸ್ವಂತ ವಿನ್ಯಾಸ ದೇಶದಲ್ಲಿ ನೆಲೆಯೂರಿತು ಎಂದು ಕೇಳುವ ಹಕ್ಕು ಪ್ರತಿಯೊಬ್ಬ ತೆರಿಗೆದಾರನಿಗೂ ಇದೆ.

ಈ ಬಗೆಯ ನೆಲೆಯೂರುವಿಕೆ ಹೇಗಿರುತ್ತದೆಂಬುದಕ್ಕೆ 2025ರ ಫೆಬ್ರವರಿಯಲ್ಲಿ ಒಂದು ನಿದರ್ಶನ ದೊರೆಯಿತು. ಮದರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯು ತನ್ನ ಶಕ್ತಿ ಶ್ರೇಣಿಯ ಸಂಸ್ಕಾರಕವನ್ನು ಆಧರಿಸಿ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಜೊತೆಗೂಡಿ, ಐರಿಸ್ ಎಂಬ ಚಿಪ್ಪನ್ನು ಅಭಿವೃದ್ಧಿಪಡಿಸಿರುವುದಾಗಿ ಪ್ರಕಟಿಸಿತು. ಅದರ ವಿನ್ಯಾಸ ಚೆನ್ನೈನಲ್ಲಿ. ವೇಫರ್ ಕೆಲಸ ಮೊಹಾಲಿಯ ಪ್ರಯೋಗಾಲಯದಲ್ಲಿ. ಕವಚ ಜೋಡಣೆ ಕರ್ನಾಟಕದ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್‌ನಲ್ಲಿ. ಅದನ್ನು ಕೂರಿಸುವ ಫಲಕದ ತಯಾರಿಕೆ ಗುಜರಾತಿನಲ್ಲಿ. ಫಲಕದ ಅಂತಿಮ ಜೋಡಣೆಯನ್ನು ನಿರ್ವಹಿಸಿದ್ದು ಚೆನ್ನೈನ ಸಿರ್ಮಾ ಎಸ್‌ಜಿಎಸ್. ತಾಂಬರಂ ವಲಯದಲ್ಲಿ ಘಟಕ ಹೊಂದಿರುವ ಸಂಸ್ಥೆ ಇದು.

ಈ ಸರಪಳಿಯ ಯಾವ ಕೊಂಡಿಯೂ ಒಂದು ವರ್ಷದಲ್ಲಿ ಸಿದ್ಧವಾದದ್ದಲ್ಲ. ಮೊಹಾಲಿಯ ಕಾರ್ಖಾನೆ ಬೆಂಕಿಯಿಂದ ಎದ್ದು ಬಂದದ್ದು. ತಾಂಬರಂನ ಜೋಡಣಾ ಕೌಶಲ ಸುಂಕದ ರಿಯಾಯಿತಿಯ ನೆರಳಿನಲ್ಲಿ ದಶಕಗಳ ಕಾಲ ಬೆಳೆದದ್ದು. ವಿನ್ಯಾಸದ ವಿದ್ಯೆ ತರಗತಿಯ ಕೊಠಡಿಗಳಲ್ಲಿ ಪಕ್ವವಾದದ್ದು. ಇವುಗಳಲ್ಲಿ ಒಂದನ್ನೂ ಚಿಪ್‌ನ ಮೇಲಿನ ಸುಂಕ ನಿರ್ಮಿಸಲಿಲ್ಲ. ಸಿದ್ಧ ವಸ್ತುವಿನ ಮೇಲೆ ಮಿತವಾದ, ಕಾಲಮಿತಿಯುಳ್ಳ ಸುಂಕ. ಯಂತ್ರ ಮತ್ತು ಸಾಮಗ್ರಿಗಳ ಮೇಲೆ ಹಗುರವಾದ ಹೊರೆ. ಫಲವನ್ನು ಅಳೆದು ನೀಡುವ ನೆರವು. ಎಲ್ಲಕ್ಕಿಂತ ಮಿಗಿಲಾಗಿ ನುರಿತ ಕೈಗಳು. ಇವು ಒಟ್ಟುಗೂಡಿದಾಗ ಮಾತ್ರ ಅರೆವಾಹಕ ಉದ್ಯಮವು ಈ ನೆಲದಲ್ಲಿ ಬೇರು ಬಿಟ್ಟೀತು.