ಸಿಪ್ಪೆಯೂ ಚಟ್ನಿ, ಹಿಂಡಿಯೂ ಊಟ

ಇಲ್ಲಿ ಕುಳಿತವರಲ್ಲಿ ಇವತ್ತು ಹೀರೆಕಾಯಿ ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕಿ ಬಂದವರು ಎಷ್ಟು ಮಂದಿ? ಕೈ ಎತ್ತುವುದು ಬೇಡ. ಬುಟ್ಟಿಗೆ ಬಿದ್ದದ್ದು ನಾಳೆ ಬೆಳಗಿನ ದೋಸೆಗೆ ಆಗುವಷ್ಟು ಚಟ್ನಿ ಎಂಬುದಷ್ಟೇ ಗಮನದಲ್ಲಿರಲಿ.

ಚಟ್ನಿ ಎಂಬ ಹೆಸರು ಹಿಂದಿಯಿಂದ ಬಂದದ್ದು, ನೆಕ್ಕುವುದು ಎಂಬ ಅರ್ಥದ ಕ್ರಿಯಾಪದದಿಂದ. ಮದುವೆಯ ಊಟದಲ್ಲಿ ಎಲೆಯ ಅಂಚಿಗೆ ಬೆರಳ ತುದಿಯಷ್ಟು ಬಡಿಸುತ್ತಾರಾದ್ದರಿಂದ ಅದನ್ನು ನಂಜಿಕೊಳ್ಳುವ ಪದಾರ್ಥವೆಂದೇ ಎಣಿಸಿದ್ದೇವೆ. ಹೊಲಕ್ಕೆ ಹೋಗುವವರ ಬುತ್ತಿಯಲ್ಲಿ ಹಾಗಲ್ಲ. ಜೋಳದ ರೊಟ್ಟಿ, ಹಿಂಡಿ, ಒಂದು ಉಳ್ಳಾಗಡ್ಡಿ ಇದ್ದರೆ ಊಟ ಮುಗಿಯಿತು. ಹಿಂಡಿ ಎಂದರೆ ಮೈಸೂರು ಕಡೆಯವರಿಗೆ ದನಕ್ಕೆ ಹಾಕುವ ಹಿಂಡಿಯ ನೆನಪಾಗಿ ನಗು ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಅದು ಚಟ್ನಿಪುಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಪುಟಾಣಿ ಹಿಂಡಿ.

ಅಲ್ಲಿ ಪುಡಿ, ಇಲ್ಲಿ ತೆಂಗಿನಕಾಯಿಯ ಹಸಿ ಚಟ್ನಿ ಏಕೆ ಎಂದು ಕೇಳಬಹುದು. ತೆಂಗು ಬೆಳೆಯುವಲ್ಲಿ ಕಾಯಿ ಸುಲಭ, ಆದರೆ ಅದರ ಚಟ್ನಿ ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ. ಒಣ ಸೀಮೆಯಲ್ಲಿ ಬೆಳೆಯುವುದು ಎಣ್ಣೆಕಾಳು. ಹುರಿದು ಕುಟ್ಟಿದರೆ ಬಿಸಿಲಿನಲ್ಲೂ ಕೆಡದು. ಶೇಂಗಾ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆ, ಕಾಲು ಭಾಗ ಪ್ರೋಟೀನು. ಜಿಡ್ಡಿಲ್ಲದ ರೊಟ್ಟಿಗೆ ಇದೇ ಜಿಡ್ಡು, ಇದೇ ಕಸುವು. ಬಡವರ ಮನೆಯಲ್ಲಿ ಪಲ್ಯವಿಲ್ಲದ ದಿನ ಹಿಂಡಿಯೂ ಇಲ್ಲವಾದರೆ ದುಡಿಯುವ ಮೈಗೆ ನಷ್ಟವಾಗುವುದು ರುಚಿಯಷ್ಟೇ ಅಲ್ಲ.

ಮಾಡುವುದು ಕಷ್ಟವಲ್ಲ. ಒಂದು ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಸಿಪ್ಪೆ ಬಿಡುವವರೆಗೆ ಹುರಿಯಬೇಕು. ಪೂರ್ತಿ ಆರಿದ ಮೇಲೆ ಉಜ್ಜಿ, ಕೇರಿ, ಐದಾರು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಎರಡು ಚಮಚ ಖಾರದಪುಡಿ, ಉಪ್ಪು, ಚೂರು ಬೆಲ್ಲ ಸೇರಿಸಿ ತರಿತರಿಯಾಗಿ ಕುಟ್ಟಬೇಕು. ಒರಳಿಲ್ಲದವರು ಮಿಕ್ಸಿಯನ್ನು ಒಂದೆರಡು ಸೆಕೆಂಡು ತಿರುಗಿಸಿ ನಿಲ್ಲಿಸುತ್ತ ಹೋಗಲಿ. ಒಂದೇ ಸಮನೆ ಓಡಿಸಿದರೆ ಜಾರು ಕಾದು ಎಣ್ಣೆ ಬಿಟ್ಟು ಪುಡಿಯ ಬದಲು ಮುದ್ದೆ ಸಿಗುತ್ತದೆ. ಹೊಸದಾಗಿ ಸಂಸಾರ ಹೂಡಿದವರು ಪಾಕವಿಧಾನವೇ ತಪ್ಪೆಂದು ದೂರುವುದು ಇಲ್ಲಿಯೇ. ಅಗಸಿಯನ್ನು ಚಟಪಟ ಎನ್ನುವಷ್ಟು ಹುರಿದರೆ ಸಾಕು. ಅದನ್ನು ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ಮೇಲು, ಪುಡಿಯಾದ ಮೇಲೆ ಬೇಗ ಕಮಟು ಹಿಡಿಯುತ್ತದೆ.

ಒಂದು ಸ್ವಾರಸ್ಯವಿದೆ. ಅಪ್ಪಟ ದೇಸಿ ಎನ್ನಿಸುವ ಈ ಹಿಂಡಿಯ ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. ಮೆಣಸಿನಕಾಯಿ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂತು. ಖಾರಕ್ಕೆ ಮೊದಲಿದ್ದ ಮೆಣಸಿನ ಹೆಸರಿಗೆ ಕಾಯಿ ಸೇರಿಸಿ ಕನ್ನಡಿಗರು ಅದನ್ನು ಮನೆಗೆ ಬಿಟ್ಟುಕೊಂಡರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಯಿಸಿದ ಮಾನಸೋಲ್ಲಾಸದಲ್ಲಿ ಅಡುಗೆಯ ವಿವರ ಬೇಕಾದಷ್ಟಿದೆ, ಆದರೆ ಆ ಅರಮನೆಗೆ ಮೆಣಸಿನಕಾಯಿ ಗೊತ್ತಿರಲಿಲ್ಲ. ಈಗ ಬ್ಯಾಡಗಿಯದು ಬಣ್ಣಕ್ಕೆ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತನ್ನೂ ಪಡೆದಿದೆ.

ಇನ್ನು ಬುಟ್ಟಿಗೆ ಬಿದ್ದ ಸಿಪ್ಪೆ. ಹೀರೆಕಾಯಿಯನ್ನು ಹೆರೆಯುವ ಮೊದಲೇ ಚೆನ್ನಾಗಿ ತೊಳೆದು, ಚೂರು ತಿಂದು ನೋಡಬೇಕು. ಕಾಯಿ ಕಹಿಯಾಗಿದ್ದರೆ ಪೂರ್ತಿ ಎಸೆಯುವುದೇ ಸರಿ. ಎರಡು ಚಮಚ ಎಣ್ಣೆಯಲ್ಲಿ ಕಡಲೆಬೇಳೆ, ಉದ್ದಿನಬೇಳೆ, ನಾಲ್ಕು ಒಣಮೆಣಸಿನಕಾಯಿ ಕೆಂಪಗೆ ಹುರಿದು ತೆಗೆದು, ಅದೇ ಬಾಣಲೆಯಲ್ಲಿ ಸಿಪ್ಪೆಯನ್ನು ಹಸಿ ವಾಸನೆ ಹೋಗುವವರೆಗೆ ಬಾಡಿಸಬೇಕು. ಹುಣಿಸೆ, ಉಪ್ಪು, ಹಿಡಿ ಕಾಯಿತುರಿ ಹಾಕಿ ನುಣ್ಣಗಾಗದಂತೆ ರುಬ್ಬಿ ಒಗ್ಗರಣೆ ಕೊಟ್ಟರಾಯಿತು. ಸೀಮೆಬದನೆಯ ಸಿಪ್ಪೆಗೂ ಇದೇ ದಾರಿ. ಅಳತೆ ಕೇಳಿದರೆ ಅಜ್ಜಿಯರು ಅಂಗೈ ತೋರಿಸುತ್ತಾರೆ. ಆ ಅಂಗೈ ಇರುವಾಗಲೇ ಪಕ್ಕದಲ್ಲಿ ನಿಂತು ಚಮಚದ ಲೆಕ್ಕ ಬರೆದುಕೊಳ್ಳದ ಮನೆಗಳಲ್ಲಿ ಈಗ ಅಂಗಡಿಯ ಪೊಟ್ಟಣ ಬಂದು ಕುಳಿತಿದೆ.

ಮೆಣಸಿನಕಾಯಿಗೆ ಹಿಂದಿನ ಖಾರ ಹೇಗಿದ್ದೀತು ಎಂಬ ಕುತೂಹಲವಿದ್ದರೆ ಮಲೆನಾಡಿನ ತಂಬುಳಿ ಮಾಡಿ ನೋಡಬಹುದು. ಹತ್ತು ದೊಡ್ಡಪತ್ರೆ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಡನೆ ರುಬ್ಬಿ, ಗಟ್ಟಿ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಬಿಸಿ ಅನ್ನಕ್ಕೆ ಸಿದ್ಧ. ಒಲೆಯ ಮೇಲೆ ಮಾತ್ರ ಇಡಬಾರದು, ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ.