ಮನಸ್ಸಿನ ಬೇನೆಯೂ ಬೇನೆಯೇ



ಶತಮಾನೋತ್ಸವದ ಸಂಭ್ರಮದ ನಡುವೆ ನಾವು ಇಂಥ ವಿಷಯವನ್ನು ಎತ್ತಿಕೊಂಡುದಕ್ಕೆ ಕೆಲವರಿಗೆ ಬೇಸರವಾಗಬಹುದು. ನೂರು ವರ್ಷಗಳಲ್ಲಿ ಕಟ್ಟಿದುದನ್ನು ನೆನೆಯುವಾಗ, ನಮ್ಮ ನಡುವೆಯೇ ಇದ್ದು ನಮ್ಮ ಕಣ್ತಪ್ಪಿದವರನ್ನೂ ನೆನೆಯಬೇಕೆಂದು ತೋರಿದುದರಿಂದ ಈ ಧೈರ್ಯ ಮಾಡಿದ್ದೇವೆ.

ಖೂಬಾ ಪ್ಲಾಟಿನ ಸಹೋದರರೊಬ್ಬರ ಸಂಗತಿ. ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಹೆಸರು ಬೇಡ. ಭಾನುವಾರ ಬಲಿಪೂಜೆಗೆ ಎಲ್ಲರಿಗಿಂತ ಮೊದಲೇ ಬಂದು ಚಾಪೆ ಹಾಸುತ್ತಿದ್ದವರು ಬರುವುದನ್ನೇ ಬಿಟ್ಟರು. ಮೊದಲು ತಲೆನೋವೆಂದರು, ಬಳಿಕ ಮೈಕೈ ನೋವೆಂದರು. ನಿದ್ದೆ ಬಾರದು, ಊಟ ಸೇರದು. ಬಿಸಿಲಿನ ತಾಪ ಎಂದರು ನೆರೆಯವರು. ವಿಶ್ವಾಸ ತಣ್ಣಗಾಗಿದೆ ಎಂದರು ನಮ್ಮವರಲ್ಲಿ ಕೆಲವರು. ಕೆಲವರು ಎಂದುದು ಸಂಕೋಚದಿಂದ; ಹಾಗೆ ಅಂದವರಲ್ಲಿ ನಾವೂ ಇದ್ದೆವು. ಎಂಟು ತಿಂಗಳು ಕಳೆದ ಮೇಲೆ ಅವರ ಮಡದಿ, ಯಾರನ್ನೂ ಕೇಳದೆ, ಅವರನ್ನು ಮನೋವೈದ್ಯರ ಬಳಿಗೆ ಕರೆದೊಯ್ದರು. ಅದು ಖಿನ್ನತೆಯೆಂಬ ರೋಗವಾಗಿತ್ತು. ಗುಳಿಗೆ ಆರಂಭಿಸಿ ಹತ್ತು ದಿನವಾದರೂ ಗುಣ ಕಾಣದೆ ಆಕೆ ಕಂಗೆಟ್ಟಾಗ ವೈದ್ಯರು ತಿಳಿಸಿದರಂತೆ: ಇಂಥ ಔಷಧಿ ಫಲ ತೋರಲು ಎರಡರಿಂದ ನಾಲ್ಕು ವಾರ, ಒಮ್ಮೊಮ್ಮೆ ಇನ್ನೂ ಹೆಚ್ಚು ಬೇಕು, ಗುಣವಾದ ಮೇಲೂ ತಿಂಗಳುಗಟ್ಟಲೆ ಸೇವಿಸಬೇಕು. ಚೇತರಿಸಿಕೊಂಡೊಡನೆ ಅವರು ಗುಳಿಗೆ ಬಿಟ್ಟರು, ರೋಗ ಮರಳಿತು, ಮತ್ತೆ ಆರಂಭಿಸಿದರು. ಈಗ ಚಾಪೆ ಹಾಸಲು ಮೊದಲಿನಂತೆಯೇ ಬರುತ್ತಿದ್ದಾರೆ. ಆ ಎಂಟು ತಿಂಗಳಲ್ಲಿ ಅವರ ಮನೆಯ ಬಾಗಿಲು ತಟ್ಟಿದವರು ನಮ್ಮಲ್ಲಿ ಎಷ್ಟು ಮಂದಿ?

ನಮ್ಮ ಜಿಲ್ಲೆಯ ಗಾಣಗಾಪುರಕ್ಕೆ ಬುದ್ಧಿ ಕದಡಿದವರನ್ನು ದೂರದೂರುಗಳಿಂದ ಕರೆತರುವುದನ್ನು ಎಲ್ಲರೂ ಬಲ್ಲೆವು. ಅದನ್ನು ಕಂಡು ನಗುವ ಅಧಿಕಾರ ನಮಗಿಲ್ಲ. ಅವರನ್ನು ನಡೆಸಿ ತಂದುದು ಪ್ರೀತಿಯೇ. ನಮ್ಮವರೂ ಒಂದು ಧ್ಯಾನಕೂಟದಿಂದ ಇನ್ನೊಂದಕ್ಕೆ ಅಲೆದು, ಚಿಕಿತ್ಸೆ ಪಡೆಯಬೇಕಾದ ವರ್ಷಗಳನ್ನು ಕಳೆದುಕೊಂಡವರಿದ್ದಾರೆ. ಪ್ರಾರ್ಥನೆ ಬೇಡವೆಂದು ನಾವು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆಯವರು ಜಪಸರ ಹಿಡಿಯುತ್ತಾರೆ, ಇನ್ಸುಲಿನ್ನನ್ನೂ ಬಿಡುವುದಿಲ್ಲ.

ಮನೋವೈದ್ಯರೆಂದರೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕೆಂಬ ಕಾಲವೊಂದಿತ್ತು. ಆ ಸ್ಥಿತಿಯನ್ನು ಬದಲಿಸಲು ದಾರಿ ತೋರಿದುದು ನಮ್ಮ ಸೀಮೆಯದೇ ಆದ ಬಳ್ಳಾರಿ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತು, ಸಾಮಾನ್ಯ ವೈದ್ಯರೇ ಊರಿನ ಸಮೀಪದಲ್ಲಿ ಮನೋರೋಗಗಳಿಗೆ ಚಿಕಿತ್ಸೆ ನೀಡಬಲ್ಲರೆಂದು ತೋರಿಸಿಕೊಟ್ಟಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲಾಯಿತು. ಆದರೂ 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಹೆಚ್ಚಿನ ಮನೋರೋಗಗಳಲ್ಲಿ ಹತ್ತು ರೋಗಿಗಳ ಪೈಕಿ ಏಳಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಿಲ್ಲದೆ ಉಳಿದಿದ್ದರು. ಆಸ್ಪತ್ರೆಯ ದೂರವೊಂದೇ ಕಾರಣವಲ್ಲ. ಜನ ಏನೆಂದಾರೋ ಎಂಬ ಅಂಜಿಕೆಯೂ ಕಾರಣ. ಆ ಅಂಜಿಕೆ ಕಳೆಯಲು ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದ ಡಾ. ಸಿ. ಆರ್. ಚಂದ್ರಶೇಖರ್ ಅವರಿಗೆ 2024ರಲ್ಲಿ ಪದ್ಮಶ್ರೀ ಬಂದಾಗ ನಮಗೆ ಬಹಳ ಸಂತೋಷವಾಯಿತು.

ಇನ್ನೊಂದು ಮಾತನ್ನು ಮೆಲುದನಿಯಲ್ಲಿ ಹೇಳಬೇಕಾಗಿದೆ. ತಾವೇ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. 1917ರ ಧರ್ಮಸಭಾ ಕಾನೂನು ಹಾಗೆಯೇ ಇತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ಮನಸ್ಸಿನ ತೀವ್ರ ಕ್ಷೋಭೆಯು ಮನುಷ್ಯನ ಹೊಣೆಯನ್ನು ತಗ್ಗಿಸುತ್ತದೆಂದು 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಅಂಥ ಪ್ರಯತ್ನ ಮಾಡಿ ಉಳಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಿ ಆರೈಕೆ ನೀಡಬೇಕೆಂಬುದು ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ವಿಧಿ. ನಮ್ಮ ನಾಲಿಗೆಗಳು ಮಾತ್ರ ಇನ್ನೂ 1917ರಲ್ಲಿಯೇ ಇವೆಯೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಬೆಲ್ಜಿಯಂ ದೇಶದಲ್ಲಿ ಗೀಲ್ ಎಂಬ ಊರಿದೆ. ಮನೋರೋಗಿಗಳ ಪಾಲಕಿಯಾದ ಸಂತ ದಿಂಫ್ನಾರವರ ದೇವಾಲಯಕ್ಕೆ ಮಧ್ಯಯುಗದಲ್ಲಿ ರೋಗಿಗಳು ತಂಡತಂಡವಾಗಿ ಬಂದರು. ದೇವಾಲಯದಲ್ಲಿ ಎಡೆ ಸಾಲದಾದಾಗ ಊರಿನವರು ಅವರನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಹೊಲದ ಕೆಲಸಕ್ಕೂ ಊಟದ ಪಂಕ್ತಿಗೂ ಸೇರಿಸಿಕೊಂಡರು. ಆ ಪದ್ಧತಿ, ಈಗ ವೈದ್ಯರ ಮೇಲ್ವಿಚಾರಣೆಯೊಡನೆ, ಇಂದಿಗೂ ನಡೆದಿದೆ.

ನಾವು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ಎರಡು ಭಾನುವಾರ ಯಾರಾದರೂ ಕಾಣದಿದ್ದರೆ ಅವರ ಮನೆಗೆ ಹೋಗಿ ಚಹಾ ಕುಡಿದು ಬನ್ನಿ. ಉಪದೇಶ ಬೇಡ. ಬದುಕು ಸಾಕಾಗಿದೆ ಎಂದು ಅವರು ಅಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು, ಶುಲ್ಕವಿಲ್ಲ. ಈ ಸಂಖ್ಯೆಯನ್ನು ಬರೆದ ಚೀಟಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಎಲ್ಲರೆದುರು ತೆಗೆದುಕೊಳ್ಳಲು ಸಂಕೋಚಪಡುವವರಿಗಾಗಿ ಕೆಲವನ್ನು ಹಾಡಿನ ಪುಸ್ತಕಗಳೊಳಗೂ ಇರಿಸಿದ್ದೇವೆ.