ಭಿವಂಡಿ: ಬೆಂದ ಊರು ಶಾಂತವಾಗಿ ಉಳಿದ ಬಗೆ



ಕೋಮು ಸೌಹಾರ್ದದ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವುದು ಸಮಾವೇಶಗಳು, ವೇದಿಕೆಯ ಮೇಲೆ ಕೈ ಹಿಡಿದು ನಿಂತ ಧರ್ಮಗುರುಗಳು. ಅವುಗಳ ಬಗ್ಗೆ ನನಗೆ ಆಕ್ಷೇಪವಿಲ್ಲ. ಆದರೆ ಇಂದು ನಾನು ಪ್ರಸ್ತಾಪಿಸಲು ಬಯಸುವುದು ಮಹಾರಾಷ್ಟ್ರದ ಥಾಣೆ ಜಿಲ್ಲೆಯ ಭಿವಂಡಿಯನ್ನು. ಎರಡು ಬಾರಿ ಹೊತ್ತಿ ಉರಿದ ಆ ಊರು 1992ರಲ್ಲಿ ಉರಿಯಲಿಲ್ಲ. ಅದೇಕೆ?

ಭಿವಂಡಿ ವಿದ್ಯುತ್ ಮಗ್ಗಗಳ ಊರು. ಉತ್ತರ ಪ್ರದೇಶದಿಂದ ಬಂದ ಮುಸ್ಲಿಮ್ ನೇಕಾರರು, ತೆಲಂಗಾಣದ ಪದ್ಮಶಾಲಿಗಳು, ಮಾರವಾಡಿ ಮತ್ತು ಗುಜರಾತಿ ವ್ಯಾಪಾರಿಗಳು, ಸ್ಥಳೀಯ ಮರಾಠಿಗರು ಅಲ್ಲಿ ಒಟ್ಟಿಗೆ ಬದುಕುತ್ತಾರೆ. ನೂಲು ಒಬ್ಬನದು, ಮಗ್ಗ ಇನ್ನೊಬ್ಬನದು, ದುಡಿಮೆ ಮತ್ತೊಬ್ಬನದು. ಹೀಗಿದ್ದೂ 1970ರ ಮೇ ತಿಂಗಳಲ್ಲಿ ಶಿವಜಯಂತಿ ಮೆರವಣಿಗೆಯ ಸಂದರ್ಭದಲ್ಲಿ ಭೀಕರ ದಂಗೆ ಭುಗಿಲೆದ್ದಿತು. ಅದರ ತನಿಖೆ ನಡೆಸಿದ ನ್ಯಾಯಮೂರ್ತಿ ಡಿ.ಪಿ. ಮದೋನ್ ಆಯೋಗವು ಪೊಲೀಸರ ಪಕ್ಷಪಾತವನ್ನು ಬಯಲಿಗೆಳೆಯಿತು. 1984ರ ಮೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಈ ಬಾರಿ ಕಿಚ್ಚು ಮುಂಬೈಗೂ ಹಬ್ಬಿತು. ಕೊಡುಕೊಳ್ಳುವಿಕೆ ಇದ್ದಲ್ಲಿ ದಂಗೆಯಾಗದು ಎಂದು ನಂಬುವವರು ಭಿವಂಡಿಯ ಇತಿಹಾಸವನ್ನೊಮ್ಮೆ ಓದಬೇಕು.

1988ರಲ್ಲಿ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಡಿಸಿಪಿಯಾಗಿ ಅಲ್ಲಿಗೆ ಬಂದರು. ಲಾಠಿಯ ಬಲವನ್ನೇ ನೆಚ್ಚಿಕೊಳ್ಳದೆ ಅವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಸಮಿತಿಯಲ್ಲಿ ಹಿಂದೂಗಳೂ ಮುಸ್ಲಿಮರೂ ಸಮಸಂಖ್ಯೆಯಲ್ಲಿದ್ದರು. ಹಬ್ಬದ ಮುನ್ನಾದಿನ ಠಾಣೆಯಲ್ಲಿ ಊರ ಗಣ್ಯರಿಗೆ ಚಹಾ ಕೊಟ್ಟು ಕಳುಹಿಸುವ ಶಾಂತಿ ಸಭೆಯನ್ನು ನಾವೆಲ್ಲರೂ ಬಲ್ಲೆವು. ಇದು ಅಂತಹದಲ್ಲ. ಗಲಭೆಯ ಸುಳಿವೇ ಇಲ್ಲದ ದಿನಗಳಲ್ಲಿಯೂ ಈ ಸಮಿತಿಗಳು ಸೇರುತ್ತಿದ್ದವು. ಬೀದಿಯ ಸಣ್ಣಪುಟ್ಟ ತಂಟೆಗಳು ಅಲ್ಲಿ ಇತ್ಯರ್ಥವಾಗುತ್ತಿದ್ದವು. ಇದರಿಂದಾದ ದೊಡ್ಡ ಲಾಭವೆಂದರೆ, ವದಂತಿ ಹಬ್ಬಿದಾಗ ಆಚೆ ಮೊಹಲ್ಲಾದಲ್ಲಿ ಯಾರನ್ನು ಕೇಳಬೇಕೆಂಬುದು ಎಲ್ಲರಿಗೂ ತಿಳಿದಿತ್ತು. ದಂಗೆಗೆ ಮೊದಲು ಬರುವುದು ಕಲ್ಲಲ್ಲ, ವದಂತಿ.

1992ರ ಡಿಸೆಂಬರ್ 6ರಂದು ಬಾಬರಿ ಮಸೀದಿಯನ್ನು ಕೆಡವಲಾಯಿತು. ಆ ಡಿಸೆಂಬರ್ ಮತ್ತು ಮರು ಜನವರಿಯಲ್ಲಿ ಮುಂಬೈಯಲ್ಲಿ 900 ಮಂದಿ ಸತ್ತರೆಂದು ಶ್ರೀಕೃಷ್ಣ ಆಯೋಗ ದಾಖಲಿಸಿದೆ. ಹತ್ತಿರದಲ್ಲೇ ಇರುವ ಭಿವಂಡಿ ಮಾತ್ರ ಶಾಂತವಾಗಿತ್ತು.

ರಾಜಕೀಯ ಶಾಸ್ತ್ರಜ್ಞ ಆಶುತೋಷ್ ವರ್ಷ್ಣೆ 2002ರ ತಮ್ಮ ಗ್ರಂಥದಲ್ಲಿ ಒಂದು ಮಹತ್ವದ ವ್ಯತ್ಯಾಸವನ್ನು ಗುರುತಿಸಿದ್ದಾರೆ. ಹಳ್ಳಿಯಲ್ಲಿ ನೆರೆಹೊರೆಯ ದಿನನಿತ್ಯದ ಒಡನಾಟವೇ ಶಾಂತಿಯನ್ನು ಕಾಯಬಲ್ಲದು. ನಗರದಲ್ಲಿ ಅದು ಸಾಲದು. ಅಲ್ಲಿ ಎರಡೂ ಸಮುದಾಯದವರು ಒಟ್ಟಿಗೆ ಸೇರಿದ ಸಂಘ, ಯೂನಿಯನ್, ವರ್ತಕರ ಮಂಡಲಿಗಳು ಬೇಕಾಗುತ್ತವೆ. ಪೇಟೆಯಲ್ಲಿ ವಾಸಿಸುವ ನಮಗೆ ಈ ಮಾತು ನೇರವಾಗಿ ತಟ್ಟಬೇಕು. ಈದ್ ದಿನ ನೆರೆಮನೆಗೆ ಪಾಯಸ ಕಳುಹಿಸುತ್ತೇವೆ, ಒಳ್ಳೆಯದು. ಆದರೆ ಶಾಲೆಯ ಪೋಷಕರ ಸಭೆಗೆ, ವರ್ತಕರ ಸಂಘದ ಚುನಾವಣೆಗೆ, ವಾರ್ಡಿನ ನೀರಿನ ಹೋರಾಟಕ್ಕೆ ನಮ್ಮಲ್ಲಿ ಎಷ್ಟು ಮಂದಿ ಹೋಗುತ್ತಾರೆ? ನಮ್ಮ ಮಹಿಳೆಯರನ್ನಂತೂ ಇಂತಹ ಸಭೆಗಳಿಗೆ ಕರೆಯುವವರೇ ಇಲ್ಲ. ಗಲಭೆಯ ಮರುದಿನ ಹಾಲಿಗೂ ಔಷಧಿಗೂ ಪರದಾಡುವವರು ಮಾತ್ರ ಅವರೇ.

ಸಮಿತಿಯಲ್ಲಿ ಕುಳಿತ ಮಾತ್ರಕ್ಕೆ ನ್ಯಾಯದ ಬೇಡಿಕೆಯನ್ನು ಕೈಬಿಡಬೇಕಾಗಿಲ್ಲ. ಮನೆ ಸುಟ್ಟವನ ಮೇಲೆ ಮೊಕದ್ದಮೆ ನಡೆಯಲಿ, ಸಂತ್ರಸ್ತನಿಗೆ ಪರಿಹಾರವೂ ಸಿಗಲಿ. ಕೇಸು ಹಿಂದೆಗೆದುಕೊಂಡರೆ ಮಾತ್ರ ಶಾಂತಿ ಎಂಬ ಷರತ್ತು ಸೋತವನ ಮೇಲೆ ಹೇರುವ ದಂಡವಷ್ಟೆ.

ಭಿವಂಡಿಯ ಕಥೆಗೆ ಇನ್ನೊಂದು ಪುಟವೂ ಇದೆ. 2006ರ ಜುಲೈಯಲ್ಲಿ ದಫನಭೂಮಿಯ ಪಕ್ಕದ ಜಾಗದಲ್ಲಿ ಪೊಲೀಸ್ ಠಾಣೆ ಕಟ್ಟುವ ವಿಚಾರವಾಗಿ ಘರ್ಷಣೆ ನಡೆಯಿತು. ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಬಳಿಕ ಇಬ್ಬರು ಪೊಲೀಸರನ್ನು ಕೊಲ್ಲಲಾಯಿತು. ಆ ಕೊಲೆಗಳನ್ನು ಯಾವ ನೆಪದಿಂದಲೂ ಸಮರ್ಥಿಸಲಾಗದು. ಈ ಬಾರಿ ಸಂಘರ್ಷ ನಡೆದದ್ದು ಜನರ ಮತ್ತು ಪೊಲೀಸರ ನಡುವೆ. ಅಧಿಕಾರಿಯೊಬ್ಬರು ಕಟ್ಟಿದ ವ್ಯವಸ್ಥೆ ಆ ಅಧಿಕಾರಿಗೆ ವರ್ಗಾವಣೆಯಾದ ಮೇಲೆ ಯಾರದು? ಅದನ್ನು ಊರಿನವರೇ ಕರೆಯಬೇಕು, ಊರಿನವರೇ ನಡೆಸಬೇಕು. ನಮ್ಮ ಮೊಹಲ್ಲಾಗಳಲ್ಲಿ ಮೊದಲ ಸಭೆಯನ್ನು ಯಾರು, ಯಾರ ಮನೆಯಂಗಳದಲ್ಲಿ ಕರೆಯುತ್ತಾರೆ ಎಂಬುದನ್ನು ಜಮಾಅತ್‌ಗಳು ಮುಂದಿನ ತಿಂಗಳೊಳಗೆ ತೀರ್ಮಾನಿಸಬೇಕೆಂದು ವಿನಂತಿಸುತ್ತೇನೆ.